ತಂತಿ ಕಟ್ಟಿದ ಬಾಯಿಯ ಆರು ತಿಂಗಳು

ತೂಕ ಇಳಿಸುವ ಸಲುವಾಗಿ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿಸಿಕೊಂಡು ಆರು ತಿಂಗಳು ಬಾಳಿದ ಹೆಂಗಸು ಬೆಂಗಳೂರಿನ ವಿಜಯನಗರದಲ್ಲಿ ನಾನೊಬ್ಬಳೇ ಇರಬೇಕು. ಇದು ಹೆಮ್ಮೆಯ ಮಾತಲ್ಲ. ಆಗ ಇಳಿದ ತೂಕದಲ್ಲಿ ಮುಕ್ಕಾಲು ಪಾಲು ಎರಡು ವರ್ಷದೊಳಗೆ ಮರಳಿ ಬಂದು ತನ್ನ ಹಳೆಯ ಜಾಗಗಳಲ್ಲೇ ಕೂತಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ವಿಜಯೋತ್ಸವ ಬರುತ್ತದೆಂದು ಯಾರೂ ಕಾಯುವುದು ಬೇಡ.

ಹಾಗಾದರೆ ಬರೆಯುವುದೇಕೆ? ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಅವಳೂ ನನ್ನ ಗಾತ್ರಕ್ಕೆ ಬಂದಿದ್ದಾಳೆ. "ಟೀಚರ್, ಹೊಟ್ಟೆ ಚಿಕ್ಕದು ಮಾಡೋ ಆಪರೇಷನ್ ಮಾಡಿಸ್ಕೋ ಅಂತಿದಾರೆ. ನಿಮಗೂ ಆಗ ಏನೋ ಮಾಡಿದ್ರಲ್ಲ, ಭಯ ಆಗಿತ್ತಾ?" ಎಂದು ಕೇಳಿದಳು. ಆಗಿತ್ತು ಎಂದೆ. ಅವಳ ಮುಖ ಎಷ್ಟು ಹಗುರವಾಯಿತೆಂದರೆ, ಮಿಕ್ಕದ್ದನ್ನೂ ಹೇಳಬೇಕು ಅನ್ನಿಸಿತು.

ಎಂಬತ್ತರ ದಶಕದ ನಡುಭಾಗ. ನನಗೆ ನಲವತ್ತೊಂದು ವರ್ಷ. ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ತೂಕ ನೂರ ಹದಿನಾಲ್ಕು ಕೆ.ಜಿ. ಈ ತೂಕದ ಬಗ್ಗೆ ನನಗೆ ತಕರಾರಿರಲಿಲ್ಲ, ಊರಿನವರಿಗೆ ಇತ್ತು. ದಪ್ಪಗಿರುವವರಿಗೆ ಕಿವಿ ಕೇಳಿಸುವುದಿಲ್ಲವೆಂಬುದು ಜನರ ದೃಢವಾದ ನಂಬಿಕೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರು ನನ್ನ ಎದುರಿಗೇ "ಮುಂದೆ ಹೋಗಿ, ಗಾಡಿ ಒಂದ್ ಕಡೆ ವಾಲ್ತಾ ಇದೆ" ಎಂದು ಕೂಗುತ್ತಿದ್ದ. ಅವನ ವ್ಯಾಕರಣದಲ್ಲಿ ತಪ್ಪಿರಲಿಲ್ಲವಾದ್ದರಿಂದ ನಾನು ತಿದ್ದಲು ಹೋಗುತ್ತಿರಲಿಲ್ಲ.

ತಕರಾರು ಬಂದದ್ದು ಹೊಟ್ಟೆಯ ಕಡೆಯಿಂದ. ಎರಡನೆಯ ಹೆರಿಗೆ ಸಿಸೇರಿಯನ್ ಆಗಿತ್ತು. ಎಂಟು ವರ್ಷ ಸುಮ್ಮನಿದ್ದ ಆ ಗಾಯದ ಜಾಗದಲ್ಲಿ ಒಂದು ಉಬ್ಬು ಕಾಣಿಸಿಕೊಂಡಿತು. ಮೊದಲು ನಿಂಬೆಹಣ್ಣಿನಷ್ಟು, ಆಮೇಲೆ ಮೂಸಂಬಿಯಷ್ಟು. ಕೆಮ್ಮಿದರೆ ಸೀರೆಯ ನೆರಿಗೆಯ ಹಿಂದೆ ಎದ್ದು ನಿಲ್ಲುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಬಸವೇಶ್ವರನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಸರ್ಜನ್ ಅದನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು.

"ಹರ್ನಿಯಾ. ಹೊಲಿಗೆ ಬಿಟ್ಟ ಜಾಗದಿಂದ ಕರುಳು ಈಚೆ ಬರ್ತಾ ಇದೆ. ಒಂದಿನ ಅಲ್ಲೇ ಸಿಕ್ಕಿಹಾಕ್ಕೊಂಡ್ರೆ ತಕ್ಷಣ ಕೊಯ್ಯಬೇಕಾಗುತ್ತೆ."

"ಹಾಗಾದ್ರೆ ಈಗಲೇ ಕೊಯ್ದುಬಿಡಿ ಡಾಕ್ಟ್ರೇ."

"ಈ ಮೈಯಲ್ಲಾ? ಹೊಲಿಗೆ ನಿಲ್ಲಲ್ಲ. ಅನಸ್ತೇಶಿಯಾ ಕೊಟ್ರೆ ನೀವು ವಾಪಸ್ ಏಳ್ತೀರಿ ಅಂತ ನಾನು ಹೇಳೋಕಾಗಲ್ಲ. ತೊಂಬತ್ತೈದಕ್ಕೆ ಬನ್ನಿ, ಆಮೇಲೆ ನೋಡೋಣ."

ತೊಂಬತ್ತೈದಕ್ಕೆ ಬನ್ನಿ ಎಂದದ್ದು, ಸಂಜೆ ಐದಕ್ಕೆ ಬನ್ನಿ ಎಂದ ಹಾಗೆ ಕೇಳಿಸಿತು. ಹತ್ತೊಂಬತ್ತು ಕೆ.ಜಿ. ಅದು ಇಳಿಯುವ ಮೊದಲು ಕರುಳು ಸಿಕ್ಕಿಹಾಕಿಕೊಂಡರೆ ನಾನು ಮೇಜಿನ ಮೇಲೆ ಉಳಿಯುತ್ತೇನೋ ಇಲ್ಲವೋ ತಿಳಿಯದು. ಮಗಳಿಗೆ ಆಗ ಹನ್ನೊಂದು ವರ್ಷ, ಮಗನಿಗೆ ಎಂಟು.

ಒಂದು ವರ್ಷ ಹುರುಳಿ ಬೇಯಿಸಿದ ನೀರು ಕುಡಿದೆ. ಬೆಳಿಗ್ಗೆ ಎದ್ದು ಬಡಾವಣೆ ಸುತ್ತಿದೆ, ನಾಯಿಗಳು ನನ್ನನ್ನು ಗುರುತು ಹಿಡಿಯುವವರೆಗೆ. ಇಳಿದದ್ದು ಒಂದು ಕೆ.ಜಿ., ಅದೂ ಗೌರಿಹಬ್ಬಕ್ಕೆ ವಾಪಸು ಬಂತು. ಸಲಹೆಗಳಿಗೆ ಮಾತ್ರ ಕೊರತೆಯಾಗಲಿಲ್ಲ. ನಮ್ಮವರ ತಂಗಿ ಪಾರ್ವತಿ ಕೆಂಗೇರಿ ಉಪನಗರದಿಂದ ಎರಡು ಬಸ್ಸು ಬದಲಾಯಿಸಿ ಬಂದು ಸಲಹೆ ಕೊಡುತ್ತಿದ್ದಳು.

"ಅತ್ತಿಗೆ, ನಮ್ಮ ಪಕ್ಕದ ಮನೆಯೋರು ಬರೀ ಬಿಸಿನೀರು ಕುಡಿದು ಹಂಚಿಕಡ್ಡಿ ಥರ ಆಗಿದಾರೆ ಗೊತ್ತಾ?"

ಆ ಪಕ್ಕದ ಮನೆಯವರಿಗೆ ವಿಪರೀತ ಸಕ್ಕರೆ ಕಾಯಿಲೆ ಇತ್ತು, ಆರು ತಿಂಗಳಲ್ಲಿ ತೀರಿಕೊಂಡರು. ಈ ಉತ್ತರಾರ್ಧವನ್ನು ಪಾರ್ವತಿ ನನಗೆ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು.

ಕೊನೆಗೆ ಸರ್ಜನ್ನೇ ಬೇಸತ್ತು ರಾಜಾಜಿನಗರದ ಒಬ್ಬ ಹಲ್ಲಿನ ಡಾಕ್ಟರ ಬಳಿಗೆ ಕಳಿಸಿದರು. ಅವರು ಹೊರದೇಶದಲ್ಲಿ ಕಲಿತು ಬಂದವರು, ಅದನ್ನು ಮರೆಯಲು ಯಾರಿಗೂ ಅವಕಾಶ ಕೊಡದವರು. ಅವರ ಕೋಣೆಯ ಹೊರಗೆ ಬೆಂಚಿನ ಮೇಲೆ ನಾನೂ ನಮ್ಮವರೂ ಕಾಯುತ್ತಿದ್ದೆವು. ಪಕ್ಕದಲ್ಲಿ ಕೆನ್ನೆ ಊದಿದ ಒಬ್ಬ ಯಜಮಾನರು ನೋವಿನಲ್ಲೂ ಕುತೂಹಲ ಬಿಡದೆ, "ನಿಮಗೆ ಯಾವ ಹಲ್ಲಮ್ಮಾ?" ಎಂದು ಕೇಳಿದರು. "ಎಲ್ಲಾ" ಎಂದೆ. ಅವರು ತಮ್ಮ ಕೆನ್ನೆಯನ್ನು ಮರೆತು ನನಗಾಗಿ ಲೊಚಗುಟ್ಟಿದರು. ಆ ವರ್ಷ ನನಗೆ ಸಿಕ್ಕ ಮೊದಲ ನಿಜವಾದ ಸಹಾನುಭೂತಿ ಅದು.

ಡಾಕ್ಟರು ವಿವರಿಸಿದರು. "ಫಾರಿನ್‌ನಲ್ಲಿ ಎಷ್ಟೋ ಜನ ಮಾಡಿಸ್ಕೋತಾರೆ ಮೇಡಂ. ಮೇಲಿನ ದವಡೆ, ಕೆಳಗಿನ ದವಡೆ ಸೇರಿಸಿ ತಂತಿ ಕಟ್ಟಿಬಿಡ್ತೀನಿ. ಬಾಯಿ ತೆಗೆಯೋಕಾಗಲ್ಲ, ಅಗಿಯೋಕಾಗಲ್ಲ. ಕುಡಿಯೋದು ಮಾತ್ರ. ತೂಕ ತಾನಾಗೇ ಇಳಿಯುತ್ತೆ."

"ಮಾತು?" ಎಂದೆ.

"ಹಲ್ಲಿನ ಸಂದಿಯಲ್ಲಿ ಸ್ವಲ್ಪ ಬರುತ್ತೆ."

ಅಲ್ಲಿಯವರೆಗೆ ಕುರ್ಚಿಯಲ್ಲಿ ಕುಸಿದು ಕೂತಿದ್ದ ನಮ್ಮವರು ನೆಟ್ಟಗಾಗಿ, "ಎಷ್ಟು ತಿಂಗಳು ಸಾರ್?" ಎಂದು ಕೇಳಿದರು. ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಂತ್ರಗಳ ಸದ್ದಿನಲ್ಲಿ ಇದ್ದವರು. ಮನೆಯಲ್ಲಿ ಅವರಿಗೆ ಸ್ವಲ್ಪ ಶಾಂತಿ ಬೇಕಿತ್ತೆಂದು ನಾನು ಕ್ಷಮಿಸಿದ್ದೇನೆ.

ಬೇಸಿಗೆ ರಜೆ ಶುರುವಾದ ವಾರ ತಂತಿ ಕಟ್ಟಿದರು. ವಸಡಿಗೆ ಎಂಟೋ ಹತ್ತೋ ಇಂಜೆಕ್ಷನ್. ಆಮೇಲೆ ಒಂದೊಂದೇ ಹಲ್ಲಿನ ಬುಡಕ್ಕೆ ತಂತಿ ಹೊಗಿಸಿ ತಿರುಚುವುದು. ನೋವಿರಲಿಲ್ಲ, ಶಬ್ದವಿತ್ತು: ಹೊಲಕ್ಕೆ ಬೇಲಿ ಕಟ್ಟುವಾಗ ಬರುವ ಕಿರಕಿರ ಶಬ್ದ, ಅದೂ ನನ್ನ ತಲೆಬುರುಡೆಯ ಒಳಗಿನಿಂದ. ಎರಡು ಗಂಟೆಯಾದ ಮೇಲೆ ಡಾಕ್ಟರು ಕೈ ತೊಳೆದು ಬಂದು ನನ್ನ ಅಂಗೈಯಲ್ಲಿ ಒಂದು ಪುಟ್ಟ ಕಟಿಂಗ್ ಪ್ಲೇಯರ್ ಇಟ್ಟರು.

"ಇದನ್ನ ಯಾವಾಗ್ಲೂ ಜೊತೇಲಿ ಇಟ್ಕೊಂಡಿರಿ. ವಾಂತಿ ಬಂದ್ರೆ ಈಚೆ ಬರೋಕೆ ದಾರಿ ಇರಲ್ಲ, ಉಸಿರಿಗೆ ಸಿಕ್ಕಿಬಿಡುತ್ತೆ. ತಕ್ಷಣ ತಂತಿ ಕತ್ತರಿಸಬೇಕು."

ಎಲ್ಲ ಮುಗಿದ ಮೇಲೆ ಹೇಳಿದರು. ಮೊದಲೇ ಹೇಳಿದ್ದರೆ ನಾನು ಆ ಕುರ್ಚಿಯಿಂದ ಎದ್ದು ಓಡುತ್ತಿದ್ದೆನೆಂದು ಅವರಿಗೆ ಗೊತ್ತಿತ್ತು. ಅಂದಿನಿಂದ ಆ ಪ್ಲೇಯರ್ ದಾರದಲ್ಲಿ ನನ್ನ ಕೊರಳಿಗೆ ಬಿತ್ತು, ತಾಳಿಯ ಪಕ್ಕದಲ್ಲೇ. ಮೊದಲ ವಾರವೆಲ್ಲ ತೇಗು ಬಂದರೂ ಕೈ ಅದರ ಮೇಲೆ ಹೋಗುತ್ತಿತ್ತು. ಮಧ್ಯಾಹ್ನ ಕಣ್ಣು ಹತ್ತಿದರೆ ಬಾವಿಯಲ್ಲಿ ಮುಳುಗಿದ ಹಾಗಾಗಿ ಎದ್ದು ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಹೇಳಲು ಬಾಯಿಯೂ ಇರಲಿಲ್ಲ. ಮಾತಾಡಿದರೆ ಬುಸುಗುಟ್ಟಿದ ಹಾಗೆ ಕೇಳಿಸುತ್ತಿತ್ತು. ಕನ್ನಡದ ಟೀಚರಾಗಿ ಮಹಾಪ್ರಾಣಗಳನ್ನು ಹೀಗೆ ಕೊಲ್ಲಲು ಮನಸ್ಸು ಬಾರದೆ ಮಗನ ಸ್ಲೇಟನ್ನು ಕೈಗೆತ್ತಿಕೊಂಡೆ.

ಈ ಸ್ಲೇಟಿನಿಂದ ಮನೆಯಲ್ಲಿ ಒಬ್ಬರಿಗೆ ಮಾತ್ರ ಪ್ರಯೋಜನವಿರಲಿಲ್ಲ, ನಮ್ಮ ಅತ್ತೆಯವರಿಗೆ. ಅವರಿಗೆ ಓದು ಬರುತ್ತಿರಲಿಲ್ಲ. ಅಡಿಗೆಮನೆ ಪೂರ್ತಿ ಅವರದು. ತಿಪಟೂರು ಕಡೆಯವರು, ಎಪ್ಪತ್ತರ ಹತ್ತಿರ, ಹಿಡಿಯಷ್ಟು ಮೈ. ಸೊಸೆಯ ಬಾಯಿಗೆ ಬೀಗ ಬಿದ್ದದ್ದನ್ನು ಕಂಡು ಸಂತೋಷಪಡುವ ಅತ್ತೆಯರ ಪೈಕಿ ಅಲ್ಲ. ಆ ದಿನ ನನ್ನನ್ನು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಹಸಿವು ಅನ್ನೋಕೂ ಬಾಯಿಲ್ದಂಗೆ ಮಾಡ್ಬಿಟ್ರಲ್ಲೇ ಜಲಜಾ" ಎಂದು ಅತ್ತರು. ಅತ್ತು, ಒಲೆ ಹಚ್ಚಿದರು.

ಡಾಕ್ಟರು ಬರೆದುಕೊಟ್ಟದ್ದು ಮಜ್ಜಿಗೆ, ತಿಳಿಸಾರು, ಒಂದು ಲೋಟ ಹಾಲು, ಹಣ್ಣಿನ ರಸ. ಮೊದಲ ಒಂದು ತಿಂಗಳು ಅದೇ ನಡೆಯಿತು. ಆದರೆ ಅತ್ತೆಯವರ ಶಾಸ್ತ್ರದಲ್ಲಿ ಊಟವೆಂದರೆ ಮುದ್ದೆ ಮತ್ತು ಅನ್ನ. ಮಿಕ್ಕದ್ದೆಲ್ಲ ಫಲಾರ. ಉಪವಾಸದ ದಿನ ಬಟ್ಟಲು ತುಂಬ ಅವಲಕ್ಕಿ, ಮೇಲೆ ನಾಲ್ಕು ಬಾಳೆಹಣ್ಣು ತಿಂದರೂ ಉಪವಾಸ ಕೆಡುವುದಿಲ್ಲವಷ್ಟೆ? ಹಾಗಿರುವಾಗ ಕುಡಿಯುವ ವಸ್ತುವನ್ನು ಯಾರು ಲೆಕ್ಕಕ್ಕೆ ಹಿಡಿದಾರು? ಮಜ್ಜಿಗೆ ನಿಧಾನವಾಗಿ ಗಟ್ಟಿಯಾಯಿತು. ತಿಳಿಸಾರಿನ ಮೇಲೆ ತುಪ್ಪ ತೇಲಿತು. ರಾಗಿ ಅಂಬಲಿಗೆ ಬೆಲ್ಲ ಬಂತು, ಹಿಂದೆಯೇ ಕಾಯಿಹಾಲು ಬಂತು. ಜೂನ್ ಹೊತ್ತಿಗೆ ಗಸಗಸೆ ಪಾಯಸ ದಿನಕ್ಕೆರಡು ಸಲ ದಯಮಾಡಿಸುತ್ತಿತ್ತು, ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ಹಲ್ಲಿನ ಸಂದಿಯಲ್ಲಿ ಸರಾಗವಾಗಿ ಇಳಿಯುವ ಹದದಲ್ಲಿ.

ಬೇಡ ಅನ್ನಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಕಡೆ ಬೇಡ ಅನ್ನುವುದು ಊಟದ ಮೊದಲ ಭಾಗ. ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದು, ತಲೆ ಅಲ್ಲಾಡಿಸಿ, ಹೊಟ್ಟೆ ಮುಟ್ಟಿ ತೋರಿಸಿ, ಸಾಕು ಸಾಕು ಅನ್ನುವುದು ಉಣ್ಣುವವರ ಮರ್ಯಾದೆ. ಅದನ್ನು ಕಿವಿಗೇ ಹಾಕಿಕೊಳ್ಳದೆ ಕೈಯ ಸಂದಿಯಲ್ಲಿ ಬಡಿಸುವುದು ಬಡಿಸುವವರ ಮರ್ಯಾದೆ. ಬಾಯಿದ್ದವರು ಮೂರು ಸಲ ಬೇಡವೆಂದು ನಾಲ್ಕನೆಯ ಸಲ ಗದರಿಸಿ ಪಾರಾಗುತ್ತಾರೆ. ನನಗೆ ಗದರಿಸುವ ಬಾಯಿರಲಿಲ್ಲ. ನಾನು ಲೋಟಕ್ಕೆ ಅಂಗೈ ಮುಚ್ಚಿದಷ್ಟೂ ಅತ್ತೆ, "ಸಂಕೋಚ ಯಾಕೇ, ನೀರು ಕಣೇ ಅದು, ನೀರು" ಎಂದು ಕೈ ಸರಿಸಿ ತುಂಬಿಸುತ್ತಿದ್ದರು.

ಇದಿಷ್ಟೇ ಆಗಿದ್ದರೆ ತಪ್ಪನ್ನು ಅತ್ತೆಯವರ ಮೇಲೆ ಹೊರಿಸಿ ನಾನು ಗರತಿಯ ಹಾಗೆ ಕೂತಿರಬಹುದಿತ್ತು. ನನಗೆ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪಾಯಸಕ್ಕೂ ತಿಳಿ ಮಜ್ಜಿಗೆಗೂ ವ್ಯತ್ಯಾಸ ಗೊತ್ತಾಗದ ನಾಲಿಗೆ ನನ್ನದಲ್ಲ. ಅಂಗೈ ಮುಚ್ಚುತ್ತಿದ್ದೆ, ನಿಜ. ಅದನ್ನು ಸರಿಸಲು ಎಪ್ಪತ್ತರ ಮುದುಕಿಯ ಒಂದು ಬೆರಳು ಸಾಕಾಗುವಷ್ಟು ಸಡಿಲವಾಗಿ ಮುಚ್ಚುತ್ತಿದ್ದೆ. ಊರಿನವರ ಸೋಗಲಾಡಿತನದ ಮೇಲೆ ಅಷ್ಟೊಂದು ತಾತ್ಸಾರವಿದ್ದ ನಾನು, ಮೂರನೆಯ ಲೋಟಕ್ಕೆ ಕಣ್ಣಿನಲ್ಲೇ ಸನ್ನೆ ಮಾಡಿದ್ದೂ ಉಂಟು.

ತೂಕ ನೋಡುತ್ತಿದ್ದದ್ದು ಮೂಡಲಪಾಳ್ಯದ ಸೌದೆ ಡಿಪೋದಲ್ಲಿ. ಸರ್ಜನ್‌ರದನ್ನು ಬಿಟ್ಟರೆ ನನ್ನನ್ನು ತಾಳುವ ಯಂತ್ರ ಹತ್ತಿರದಲ್ಲಿ ಬೇರೆ ಇರಲಿಲ್ಲ. ತೊಲೆಗೆ ನೇತುಹಾಕಿದ ದೊಡ್ಡ ತಕ್ಕಡಿ. ಒಂದು ಕಡೆಯ ಹಲಗೆಯ ಮೇಲೆ ನಾನು, ಇನ್ನೊಂದು ಕಡೆ ಕಬ್ಬಿಣದ ತೂಕದ ಕಲ್ಲುಗಳು. ಇದೇ ಕಾರ್ಯ ದೇವಸ್ಥಾನದಲ್ಲಿ ನಡೆದರೆ ತುಲಾಭಾರ, ಮಂಗಳಾರತಿ ಸಿಗುತ್ತದೆ. ಡಿಪೋದಲ್ಲಿ ನಡೆದರೆ ಸೌದೆಗೆ ಬಂದವರೆಲ್ಲ ನಿಂತು ನೋಡುತ್ತಾರೆ. ತಂತಿ ಕಟ್ಟುವ ಮೊದಲು, ಯುಗಾದಿಯ ಸುಮಾರಿಗೆ, ಒಮ್ಮೆ ಅತ್ತೆಯೂ ನನ್ನ ಜೊತೆ ಬಂದು ತಮಾಷೆಗೆಂದು ಹಲಗೆ ಹತ್ತಿದ್ದರು. ನಲವತ್ತೆಂಟು ಬಂದಿತ್ತು. ಡಿಪೋದ ಮುನಿಯಪ್ಪ ಗಟ್ಟಿ ಗಂಟಲಿನವನು, ಯಾರ ತೂಕವನ್ನೂ ಗುಟ್ಟಾಗಿಡುತ್ತಿರಲಿಲ್ಲ. ಮೇ ತಿಂಗಳಲ್ಲಿ ನಾನು ನೂರಾ ಏಳಕ್ಕೆ ಇಳಿದಾಗ ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದ. ಜೂನ್‌ನಲ್ಲಿ ನೂರಾ ಐದು. ಆಮೇಲೆ ಮಳೆ, ಸ್ಕೂಲು, ನೆಪಗಳು. ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ.

ಜುಲೈನಲ್ಲಿ ಒಂದು ಮಧ್ಯಾಹ್ನ, ಎಂಟನೆಯ ತರಗತಿಯಲ್ಲಿ, ಬಾಯಿಯ ಪಾಠವನ್ನೆಲ್ಲ ಬೋರ್ಡಿಗೇ ಒಪ್ಪಿಸಿ ಸಂಧಿಗಳನ್ನು ಬರೆಯುತ್ತಿದ್ದಾಗ, ಉಬ್ಬು ಕಲ್ಲಿನಂತಾಯಿತು. ಹಿಸುಕಿ ಹಿಡಿದಂಥ ನೋವು. ಸ್ಟಾಫ್ ರೂಮಿನ ಬೆಂಚಿನ ಮೇಲೆ ಮಲಗಿದರೂ ಒಳಗೆ ಹೋಗಲಿಲ್ಲ. ಸಹೋದ್ಯೋಗಿಗಳು ಸುತ್ತ ನೆರೆದು ಗ್ಯಾಸು, ಪಿತ್ತ, ದೃಷ್ಟಿ ಎಂದು ಮೂರು ಬಣವಾಗಿ ಒಡೆದು ಚರ್ಚೆಗೆ ತೊಡಗಿದರು. ಜವಾನನೊಬ್ಬನೇ ಬುದ್ಧಿವಂತ, ಹೋಗಿ ಆಟೋ ತಂದ. ಜೊತೆಗೆ ಬರುತ್ತೇನೆಂದ ಹೆಡ್‌ಮಿಸ್ ಆಟೋದ ಒಳಗೆ ನನ್ನನ್ನು ನೋಡಿ, ಉಳಿದ ಜಾಗವನ್ನೂ ನೋಡಿ, ಶುಭ ಹಾರೈಸಿ ಹಿಂದೆ ಸರಿದರು.

ಬಸವೇಶ್ವರನಗರ ದೂರವಲ್ಲ. ಆದರೆ ಅರ್ಧ ದಾರಿಯಲ್ಲಿ ಹೊಟ್ಟೆ ತೊಳಸಿತು. ಬಾಯಿಯ ತುಂಬ ನೀರು. ಪ್ಲೇಯರನ್ನು ಕೊರಳಿಂದ ತೆಗೆದು ತುಟಿಯ ಸಂದಿಯಲ್ಲಿಟ್ಟೆ. ಆಟೋದ ಕುಲುಕಾಟಕ್ಕೆ ಅದು ತಂತಿಗೆ ತಾಗಿ ಟಕಟಕ ಅನ್ನುತ್ತಿತ್ತು. ಆಟೋದವನು ಕನ್ನಡಿಯಲ್ಲಿ ನೋಡಿದ.

"ಅಮ್ಮಾ, ಏನದು ಕೈಯಲ್ಲಿ?"

ನಾನು ತುಟಿ ಎತ್ತಿ ಹಲ್ಲು ತೋರಿಸಿದೆ. ಅವನು ಕಿರುಚಬಹುದಿತ್ತು. ಕಿರುಚಲಿಲ್ಲ. "ಮೂಗಲ್ಲಿ ಉಸಿರು ಎಳ್ಕೊಳಿ ಅಮ್ಮಾ. ನಿಧಾನ. ನಾನೂ ಎಳೀತೀನಿ, ಜೊತೇಲೇ ಬಿಡೋಣ" ಎಂದ. ಹಳ್ಳ ತಪ್ಪಿಸುತ್ತ, ಜೋರಾಗಿ ಮೂಗಿನಲ್ಲಿ ಉಸಿರೆಳೆದು ಬಿಡುತ್ತ, ಆ ಮನುಷ್ಯ ನರ್ಸಿಂಗ್ ಹೋಮಿನವರೆಗೂ ನನ್ನ ಪಾಲಿನ ಅರ್ಧ ಉಸಿರಾಡಿದ. ವಾಂತಿ ಬರಲಿಲ್ಲ. ಜನರ ಬಗ್ಗೆ ನನಗಿರುವ ಅಭಿಪ್ರಾಯವನ್ನು ಹೇಳುವಾಗ ನಾನು ಅವನೊಬ್ಬನನ್ನು ಹೊರಗಿಟ್ಟು ಹೇಳುತ್ತೇನೆ.

ಸರ್ಜನ್ ಅರ್ಧ ಗಂಟೆ ಒತ್ತಿ, ಸವರಿ, ಕರುಳನ್ನು ಒಳಗೆ ಕಳಿಸಿದರು. ಆಮೇಲೆ ತಮ್ಮ ಯಂತ್ರದ ಮೇಲೆ ನಿಲ್ಲಿಸಿದರು. ನೂರಾ ಎಂಟು. ಜೂನ್‌ನ ನೂರಾ ಐದನ್ನು ನಾನೇ ಚೀಟಿಯಲ್ಲಿ ಬರೆದು ತೋರಿಸಬೇಕಾಯಿತು.

"ಬಾಯಿಗೆ ತಂತಿ ಹಾಕಿಸ್ಕೊಂಡು ತೂಕ ಏರಿಸ್ಕೊಂಡೋರನ್ನ ನಾನು ಇವತ್ತೇ ನೋಡ್ತಾ ಇರೋದು. ಇನ್ನೊಂದ್ಸಲ ಹೀಗಾದ್ರೆ ಒಳಗೆ ಹೋಗಲ್ಲ ಅದು. ಆಗ ನಾನು ನಿಮ್ಮನ್ನ ಹೀಗೇ ಕೊಯ್ಯಬೇಕು. ಮನೇಲಿ ಹೇಳಿ ಬನ್ನಿ."

ಮನೇಲಿ ಹೇಳಿ ಬನ್ನಿ ಅಂದದ್ದರ ಅರ್ಥ ನನಗೆ ಆಯಿತು.

ಭಾನುವಾರ ಡಿಪೋಗೆ ಹೋದೆ, ಸರ್ಜನ್‌ನ ಯಂತ್ರ ಸುಳ್ಳು ಹೇಳಿರಬಹುದೆಂಬ ಕೊನೆಯ ಆಸೆಯಿಂದ. ಹೆದರಿದ್ದ ಅತ್ತೆ, ನಾನೂ ಬರ್ತೀನಿ ಎಂದು ಹಿಂದೆಯೇ ಹೊರಟರು. ಮುನಿಯಪ್ಪ ಕಲ್ಲುಗಳನ್ನು ಏರಿಸಿದ.

"ಟೀಚರಮ್ಮ ನೂರಾ ಎಂಟು! ಅಷ್ಟೋತ್ತರ ಆಯ್ತಲ್ಲಮ್ಮಾ!" ಸೌದೆಗೆ ಬಂದವರು ನಕ್ಕರು. ಅವನಿಗೆ ಹುರುಪು ಬಂತು. "ಅಜ್ಜೀ, ನೀವೂ ಹತ್ತಿ, ನೋಡೇ ಬಿಡೋಣ."

"ಥೂ, ನಂಗ್ಯಾಕಪ್ಪಾ ಅದೆಲ್ಲ."

ಅವನು ಬಿಡದೆ ಕೈಹಿಡಿದು ಕೂರಿಸಿದ. ಕಲ್ಲಿಟ್ಟ, ತೆಗೆದ, ಮತ್ತೆ ತೆಗೆದ. ಈ ಸಲ ಕೂಗಲಿಲ್ಲ.

"ನಲವತ್ತೊಂದು. ಯುಗಾದೀಲಿ ನಲವತ್ತೆಂಟಿದ್ರಲ್ಲ ಅಜ್ಜಿ? ಏನ್ರೀ ಟೀಚರಮ್ಮಾ, ಮನೇಲಿ ಊಟ ಗೀಟ ಹಾಕ್ತೀರೋ ಇಲ್ವೋ?"

ದಾರಿಯಲ್ಲಿ ಅತ್ತೆಯ ತೋಳು ಹಿಡಿದು ನಿಲ್ಲಿಸಿದೆ. ಆ ತೋಳನ್ನು ಮೊದಲೇ ಹಿಡಿದು ನೋಡಿದ್ದರೆ ಗೊತ್ತಾಗುತ್ತಿತ್ತು. ಮಹಾಪ್ರಾಣಗಳ ಮರ್ಯಾದೆಯನ್ನು ಬದಿಗಿಟ್ಟು ಹಲ್ಲಿನ ಸಂದಿಯಲ್ಲೇ ಕೇಳಿದೆ: "ರಾತ್ರಿ ಊಟ ಮಾಡ್ತಿಲ್ವಾ ನೀವು?"

"ಒಪ್ಪತ್ತು ಕಣೇ. ಒಂದೇ ಹೊತ್ತು ಊಟ."

"ಯಾವತ್ತಿಂದ?"

"ನಿನ್ನ ಬಾಯಿ ಕಟ್ಟಿದ ದಿನದಿಂದ. ಮನೆದೇವ್ರಿಗೆ ಹೇಳ್ಕೊಂಡಿದೀನಿ. ನಿನ್ನ ಹೊಟ್ಟೆ ಹೊಲ್ದು, ನೀನು ಕಣ್ಣು ಬಿಡೋ ತನಕ."

"ಮತ್ತೆ ನಂಗ್ಯಾಕೆ ಪಾಯಸ ಕುಡಿಸ್ತೀರಿ?"

ಅತ್ತೆ ನನ್ನನ್ನು, ಪಾಠ ಒಪ್ಪಿಸಲಾಗದ ಹುಡುಗಿಯನ್ನು ನೋಡುವ ಹಾಗೆ ನೋಡಿದರು. "ಉಪವಾಸಕ್ಕೆ ನಾನಿದೀನಲ್ಲೇ. ಇಬ್ರೂ ಒಣಗಿದ್ರೆ ಮನೆ ನೋಡೋರ್ಯಾರು?"

ಹಸಿವು ಮನೆಯ ಬಾಬತ್ತು, ಯಾರಾದರೊಬ್ಬರು ಅನುಭವಿಸಿದರೆ ದೇವರಿಗೆ ಸಂದಾಯವಾಗುತ್ತದೆ ಎಂಬುದು ಅವರ ಎಣಿಕೆ. ಸೊಸೆಯ ಬದಲು ಅತ್ತೆ ಉಪವಾಸವಿದ್ದರೆ ಸೊಸೆಯ ತೂಕ ಇಳಿಯಬೇಕಲ್ಲವೇ? ಮೂರು ತಿಂಗಳು ಬಿಡದೆ ನಡೆಸಿದ್ದರು. ನಮ್ಮವರು ಸಂಜೆ ಪಾಳಿ, ನಾನು ಬೇಗ ಮಲಗುವವಳು, ಮಕ್ಕಳಿಗೆ ಅಜ್ಜಿ ಉಂಡರೋ ಇಲ್ಲವೋ ನೋಡುವ ವಯಸ್ಸಲ್ಲ. ಅವರ ರಾತ್ರಿಯ ಹಾಲು ನನ್ನ ಬೆಳಗಿನ ಪಾಯಸಕ್ಕೆ ಬೀಳುತ್ತಿತ್ತು. ಅವರ ಏಳು ಕೆ.ಜಿ.ಯಲ್ಲಿ ಮೂರನ್ನು ನಾನು ಹೊತ್ತುಕೊಂಡು ತಿರುಗುತ್ತಿದ್ದೆ. ರಸ್ತೆಯ ಮಧ್ಯದಲ್ಲಿ ನಿಂತು ನನ್ನ ಮೇಲೆ ನನಗೆ ಬಂದ ಹೇಸಿಗೆಯನ್ನು, ಕಂಡಕ್ಟರು, ಪಾರ್ವತಿ, ಡಾಕ್ಟರುಗಳು ಎಲ್ಲರ ಮೇಲೂ ಹಂಚಿದ್ದರೂ ಮಿಕ್ಕಿರುತ್ತಿತ್ತು.

ಹರಕೆ ಬಿಡಿ ಎಂದೆ. ದೇವರ ಹತ್ತಿರ ಆಡಿದ ಮಾತು, ಬಿಡೋಕಾಗಲ್ಲ ಎಂದರು. ಅತ್ತೆ ಎರಡು ಹೊತ್ತು ಉಣ್ಣಬೇಕಾದರೆ ನನ್ನ ಹೊಟ್ಟೆಗೆ ಹೊಲಿಗೆ ಬೀಳಬೇಕು. ಹೊಲಿಗೆ ಬೀಳಬೇಕಾದರೆ ನಾನು ತೊಂಬತ್ತೈದಕ್ಕೆ ಬರಬೇಕು. ಹೀಗೆ ನನ್ನ ಪ್ರಾಣಕ್ಕೆ ಅವರ ಪ್ರಾಣವನ್ನೂ ಗಂಟು ಹಾಕಿಟ್ಟಿದ್ದರು. ಸಾಯುವ ಭಯ ನನ್ನಿಂದ ಮಾಡಿಸಲಾರದ್ದನ್ನು ಈ ಗಂಟು ಮಾಡಿಸಿತು. ಮರುದಿನದಿಂದ ನನ್ನ ಲೋಟಕ್ಕೆ ನಾನೇ ಸುರಿದುಕೊಂಡೆ: ನೀರು ಮಜ್ಜಿಗೆ, ತಿಳಿಸಾರು, ಒಂದು ಲೋಟ ಹಾಲು. ಅತ್ತೆಯ ಒಂದು ಹೊತ್ತಿನ ಊಟವನ್ನು ಸ್ಕೂಲಿಗೆ ಹೊರಡುವ ಮೊದಲು ನಾನೇ ಬಡಿಸಿ, ಅವರು ಬೇಡ ಎಂದು ಕೈ ಅಡ್ಡ ಹಿಡಿದಾಗ ಕೈಯ ಸಂದಿಯಲ್ಲೇ ತುಪ್ಪ ಹಾಕಿದೆ. ಅಡಿಗೆಮನೆ ಕಸಿದುಕೊಂಡೆನೆಂದು ಒಂದು ವಾರ ಮಾತು ಬಿಟ್ಟರು. ಹಟಕ್ಕೆ ಪಾಯಸ ಮಾಡುತ್ತಲೇ ಇದ್ದರು. ಚೆಲ್ಲಲಾಗದೆ ನಮ್ಮವರು ಕುಡಿದರು. ಆಯುಧಪೂಜೆಯ ಹೊತ್ತಿಗೆ ಅವರ ಎರಡು ಪ್ಯಾಂಟು ದರ್ಜಿಯ ಅಂಗಡಿಗೆ ಹೋದವು.

ಅಕ್ಟೋಬರಿನಲ್ಲಿ ತೊಂಬತ್ತೈದು ಬಂತು. ಹಲ್ಲಿನ ಡಾಕ್ಟರು ತಂತಿಯನ್ನು ಕತ್ತರಿಸಿ ಬಿಚ್ಚಿ, ಅದನ್ನು ತಾವೇ ಗೆದ್ದವರ ಹಾಗೆ ಎತ್ತಿ ತೋರಿಸಿದರು. ವಾರದ ನಂತರ ಆಪರೇಷನ್‌ಗೆಂದು ಸೇರಿಕೊಂಡೆ. ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದರು, ನಾನು ಅಲ್ಲಿ ಕಂಡ ಒಬ್ಬರೇ ಗಂಭೀರ ವ್ಯಕ್ತಿ.

"ಬಾಯಿ ತೆಗೀರಿ ಅಮ್ಮಾ."

ತೆಗೆದೆ.

"ಪೂರ್ತಿ ತೆಗೀರಿ."

"ಇಷ್ಟೇ ಬರೋದು" ಎಂದೆ.

ಅವರು ಎರಡು ಬೆರಳು ಇಟ್ಟು ನೋಡಿದರು. ಎರಡನೆಯದು ಒಳಗೆ ಹೋಗಲಿಲ್ಲ. ಆರು ತಿಂಗಳು ಮುಚ್ಚಿದ್ದ ದವಡೆ ಮುಚ್ಚಿಕೊಂಡೇ ಇರಲು ಕಲಿತಿತ್ತು. ಗಂಟಲಿಗೆ ಉಸಿರಿನ ಕೊಳವೆ ಇಳಿಸಲು ಮೂರು ಬೆರಳಿನಷ್ಟು ಬಾಯಿ ತೆರೆಯಬೇಕಂತೆ. ಆಪರೇಷನ್ ಆಗಲೆಂದು ಬಾಯಿ ಕಟ್ಟಿದರು. ಬಾಯಿ ಕಟ್ಟಿದ್ದರಿಂದ ಆಪರೇಷನ್ ನಿಂತಿತು. ಸರ್ಜನ್ ಹಲ್ಲಿನವರನ್ನು ಬೈದರು, ಹಲ್ಲಿನವರು ಫೋನಿನಲ್ಲಿ ಸರ್ಜನ್ನನ್ನು ಬೈದರು. ಎರಡೂ ವಿದ್ವತ್ಪೂರ್ಣವಾಗಿದ್ದವು. ಡಾಕ್ಟರಮ್ಮ ಮಾತ್ರ ಬೈಯದೆ, "ಐಸ್‌ಕ್ಯಾಂಡಿ ಕಡ್ಡಿ ತೊಗೊಳ್ಳಿ. ಹಲ್ಲಿನ ಮಧ್ಯೆ ಒಂದರ ಮೇಲೊಂದು ಇಟ್ಕೊಳ್ಳಿ, ದಿನಾ ಒಂದೊಂದು ಜಾಸ್ತಿ ಮಾಡಿ. ಮೂರು ವಾರ" ಎಂದರು.

ಮಕ್ಕಳು ಮನೆಗೆ ಬಂದ ಈ ಮಹಾರೋಗವನ್ನು ಸಂತೋಷದಿಂದ ಸ್ವಾಗತಿಸಿ ದಿನಕ್ಕೆರಡು ಕ್ಯಾಂಡಿ ತಿಂದರು. ಅತ್ತೆ ಕಡ್ಡಿಗಳನ್ನು ಬಿಸಿನೀರಲ್ಲಿ ತೊಳೆದು ಒಣಗಿಸಿದರು. ಹತ್ತು ಕಡ್ಡಿಯಿಂದ ಶುರುವಾಯಿತು. ಕಿವಿಯ ಕೆಳಗೆ ಕೀಲು ಹರಿಯುವ ನೋವು. ತಂತಿ ಕಟ್ಟಿದಾಗಿನದು ಅದರ ಮುಂದೆ ಏನೂ ಅಲ್ಲ. ಕಣ್ಣಲ್ಲಿ ನೀರು ಬಂದಾಗಲೆಲ್ಲ ಅತ್ತೆ ಎದುರಿಗೆ ಕೂತು ತಾವೂ ಬಾಯಿ ಕಳೆಯುತ್ತಿದ್ದರು, ಮಗುವಿಗೆ ತುತ್ತಿಡುವವರು ಮಾಡುವ ಹಾಗೆ. ಅವರ ಕೆನ್ನೆ ಒಳಗೆ ಹೋಗಿತ್ತು. ನಾನು ಇನ್ನೊಂದು ಕಡ್ಡಿ ತುರುಕುತ್ತಿದ್ದೆ.

ನವೆಂಬರಿನಲ್ಲಿ ಡಾಕ್ಟರಮ್ಮನ ಮೂರು ಬೆರಳು ಸಲೀಸಾಗಿ ಹೋದವು. ಮರುದಿನ ಬೆಳಿಗ್ಗೆ ಕೊಯ್ದು, ಕರುಳನ್ನು ಒಳಗಿಟ್ಟು, ಹೊಲಿದರು. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ.

ಕಣ್ಣು ಬಿಟ್ಟಾಗ ಹೊರಗೆ ಇನ್ನೂ ಬಿಸಿಲಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲೆ ಅತ್ತೆ ಕಾಲು ಮಡಿಸಿಕೊಂಡು ಕೂತಿದ್ದರು, ಒಗೆದು ಹಿಂಡಿಟ್ಟ ಬಟ್ಟೆಯ ಹಾಗೆ. ನನ್ನ ಗಂಟಲು ಉರಿಯುತ್ತಿತ್ತು.

"ಊಟ ಆಯ್ತಾ ನಿಮ್ದು?"

"ಆಯ್ತು ಕಣೇ."

ಸುಳ್ಳು. ತುಟಿ ಒಣಗಿ ಬಿರಿದಿತ್ತು. ಆ ದಿನ ಒಪ್ಪತ್ತನ್ನೂ ಬಿಟ್ಟಿದ್ದರು. ನರ್ಸನ್ನು ಕರೆದು ಕ್ಯಾಂಟೀನಿನಿಂದ ಇಡ್ಲಿ ತರಿಸಿ ಎಂದೆ. "ನಿಮಗೆ ನಾಳೆವರೆಗೂ ಏನೂ ಕೊಡಲ್ಲ ಮೇಡಂ" ಎಂದಳು ಅವಳು. ನನಗಲ್ಲ, ಇವರಿಗೆ ಎಂದೆ. ತಟ್ಟೆ ಬಂತು. ಅತ್ತೆ ಕೈ ಅಡ್ಡ ಹಿಡಿದು, "ಬೇಡ ಕಣೇ, ನೀನು ಹಸ್ಕೊಂಡಿರುವಾಗ ನಿನ್ನ ಎದುರಿಗೆ ಹೆಂಗೇ ತಿನ್ನೋದು" ಎಂದರು.

"ತಿನ್ನಿ" ಎಂದೆ. ಹೊಟ್ಟೆಯ ಹೊಲಿಗೆ ಚುರ್ರೆಂದಿತು.

ಅವರ ಬಾಯಲ್ಲಿ ಇದ್ದದ್ದು ಆರೇ ಹಲ್ಲು. ಎರಡು ಇಡ್ಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಾನು ಆ ಕಡೆಗೇ ತಲೆ ತಿರುಗಿಸಿಕೊಂಡು, ಕೊನೆಯ ತುತ್ತು ಗಂಟಲಲ್ಲಿ ಇಳಿಯುವವರೆಗೂ ನೋಡಿದೆ.